ಹಡಗು ತಿರುಗಿಸದ ಕ್ಯಾಪ್ಟನ್

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಿಳಿ ಟೋಪಿ. ಮುಂದುಗಡೆ ಚಿನ್ನದ ದಾರದಲ್ಲಿ ಲಂಗರು ಹೊಲಿದಿದ್ದ ಆ ಟೋಪಿ ತಲೆಗೇರಿದ ಕ್ಷಣದಿಂದ ಇಜಾಜ್ ಯಾರ ಮಾತನ್ನೂ ಕೇಳದವನಾದ.

ಹಾಗೆ ನೋಡಿದರೆ ಐರಿಶ್ ಊರು ಆಡಮ್ಸ್‌ಟೌನಿನ ಆ ಮನೆಯಲ್ಲಿ ಅವನ ಮಾತು ನಡೆಯುತ್ತಿದ್ದುದೇ ಕಡಿಮೆ. ಹೆಂಡತಿ ಫರ್ಹತ್ ಟಾಲಾದ ಆಸ್ಪತ್ರೆಯಲ್ಲಿ ಡಾಕ್ಟರು, ಮಾರ್ಚ್‌ನಿಂದಲೂ ಕೋವಿಡ್ ವಾರ್ಡಿನಲ್ಲಿ. ಇವನು ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುತ್ತ, ಅವಳು ಹೇಳಿದಂತೆ ಬಾಗಿಲ ಹಿಡಿ ಒರೆಸುತ್ತ, ಅನ್ನಕ್ಕಿಡುತ್ತ ಎಂಟು ತಿಂಗಳು ಕಳೆದಿದ್ದ. ತಾನು ನಾಲ್ಕು ಜನರ ಮೇಲೆ ಅಧಿಕಾರ ಚಲಾಯಿಸುವುದನ್ನು ಅವಳು ಒಮ್ಮೆ ಕಣ್ಣಾರೆ ನೋಡಬೇಕು. ಅವನ ಆಸೆ ಅಷ್ಟೇ.

ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವ ಝೂಮ್‌ನಲ್ಲಿ. ಎಲ್ಲರೂ ಅವರವರ ಮನೆಯಿಂದಲೇ. ಇಜಾಜ್ ತಾನೇ ನಾಟಕ ಬರೆದ. ತಿಮಿಂಗಿಲದ ಬೇಟೆಗೆ ಆರ್ಕ್ಟಿಕ್ ಸಮುದ್ರಕ್ಕೆ ಹೊರಟ ಹಳೇ ಕಾಲದ ಹಡಗು. ಮನೆಗೆ ಹೋಗೋಣ ಎನ್ನುವ ಆಳುಗಳು, ತಿರುಗಿಸಲಾರೆ ಎನ್ನುವ ಕ್ಯಾಪ್ಟನ್. ಕೊನೆಗೆ ಅವನ ಒಂದು ಗುಡುಗಿಗೆ ಎಲ್ಲರೂ ತಲೆಬಾಗಿ ಮುಂದೆ ಸಾಗುತ್ತಾರೆ. ಹಡಗಿನ ಹೆಸರು 'ಫರ್ಹತ್'.

"ಮನೇಲಿ ನಡೀದೇ ಇರೋದನ್ನ ಸಮುದ್ರದಲ್ಲಿ ನಡೆಸ್ತಿದೀಯೇನೋ?" ಎಂದು ನಕ್ಕಿದ್ದ ಸುಬ್ರಾಯ. ಲಿಟಲ್ ಐಲ್ಯಾಂಡ್ ಎಂಬ ಊರಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವನಿಗೆ ಈಟಿ ಎಸೆಯುವವನ ಪಾತ್ರ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯೇ ಈಟಿ. ಅಡುಗೆಭಟ್ಟನಾಗಿದ್ದ ಕೃಷ್ಣಪ್ರಸಾದ ಸ್ವಂತ ಕುಕ್ಕರನ್ನೇ ಕ್ಯಾಮೆರಾ ಮುಂದೆ ತಂದಿಟ್ಟುಕೊಂಡಿದ್ದ.

ಭಾನುವಾರ ಬೆಳಿಗ್ಗೆ ಫರ್ಹತ್ ಚಹಾ ಕುಡಿಯುವಷ್ಟರಲ್ಲಿ ಇಜಾಜ್ ಅವಳ ಫೋನಿನಲ್ಲಿ ಝೂಮ್ ತೆರೆದು, ತನ್ನ 'ಕ್ಯಾಪ್ಟನ್' ಎಂಬ ಹೆಸರಿನಲ್ಲೇ ಪರೀಕ್ಷೆ ಮಾಡಿ ಕೊಟ್ಟ. "ಮೂರೂವರೆಗೆ ಬ್ರೇಕ್ ಸಿಕ್ಕಿದ್ರೆ ಖಂಡಿತ ನೋಡ್ತೀನ್ರೀ," ಎಂದು ಅವಳು ಓಡಿದಳು. ಹೆಸರು ಬದಲಾಯಿಸುವುದು ಇಬ್ಬರಿಗೂ ನೆನಪಾಗಲಿಲ್ಲ.

ಒಂದು ಗಂಟೆಗೆ ಕೊನೆಯ ತಾಲೀಮು. ಸುಬ್ರಾಯ ಗಂಟಲು ಸರಿಮಾಡಿಕೊಂಡ.

"ನೋಡೋ ಇಜಾಜ್, ಕೊನೇ ಸೀನಲ್ಲಿ ಹಡಗು ತಿರುಗಿಸಿಬಿಡು. ಈ ವರ್ಷ ಯಾರೂ ಊರಿಗೆ ಹೋಗಿಲ್ಲ. ಲಾಕ್‌ಡೌನ್ ಅಂತ ಮನೆಯಿಂದ ಐದು ಕಿಲೋಮೀಟರ್ ದಾಟಂಗಿಲ್ಲ. ನಾಟಕದಲ್ಲಾದ್ರೂ ಮನೆಗೆ ಹೋಗೋಣ."

"ನಮ್ಮಮ್ಮನೂ ದಾವಣಗೆರೆಯಿಂದ ನೋಡ್ತಾರೆ," ಎಂದ ಕೃಷ್ಣಪ್ರಸಾದ. "ಮಗ ಹಿಮದಲ್ಲಿ ಸಿಕ್ಕಾಕ್ಕೊಂಡ ಅಂತ ಅಳ್ತಾ ಕೂರ್ತಾರೆ."

ಇಜಾಜ್ ಟೋಪಿ ಸರಿಮಾಡಿಕೊಂಡ. "ಹಡಗು ತಿರುಗಲ್ಲ."

"ಗ್ರ್ಯಾಂಡ್," ಎಂದ ಸುಬ್ರಾಯ, 'ಆಯ್ತು ಬಿಡು' ಎನ್ನಲು ಐರಿಶ್ ಜನ ಹೇಳುವಂತೆ. ಆ 'ಗ್ರ್ಯಾಂಡ್' ಬಾಣಲೆಗೆ ಬೀಳುವ ಮೊದಲಿನ ಹಸಿಮೆಣಸಿನಕಾಯಿಯಷ್ಟು ತಣ್ಣಗಿತ್ತು.

ಮೂರಕ್ಕೆ ನಾಟಕ ಶುರುವಾಯಿತು. ನೂರ ಹನ್ನೆರಡು ಜನ ಪ್ರೇಕ್ಷಕರು. ಮೊದಲ ಇಪ್ಪತ್ತು ನಿಮಿಷ ಹಡಗು ಚೆನ್ನಾಗಿಯೇ ಸಾಗಿತು. ತಿಮಿಂಗಿಲ ಕಂಡಾಗ ಕ್ಯಾಪ್ಟನ್, "ಎಸೆ ಈಟಿ!" ಎಂದು ಅಬ್ಬರಿಸಿದ.

ಸುಬ್ರಾಯ ಕೊಳವೆಯನ್ನು ಸೋಫಾಕ್ಕೆ ಒರಗಿಸಿ ಕೈಕಟ್ಟಿ ನಿಂತ. "ಎಸೆಯಲ್ಲ. ಮೊದ್ಲು ಹಡಗು ತಿರುಗಿಸಿ."

ನಾಟಕದಲ್ಲಿ ಆ ಮಾತು ಇರಲಿಲ್ಲ. ಇಜಾಜ್ ಅವನನ್ನು ಮ್ಯೂಟ್ ಮಾಡಿದ. ಕೃಷ್ಣಪ್ರಸಾದ ಕುಕ್ಕರಿನ ಮುಚ್ಚಳ ಬಡಿಯತೊಡಗಿದ. ಅವನನ್ನೂ ಮ್ಯೂಟ್ ಮಾಡಿದ. ಈಗ ಇಬ್ಬರೂ ಶಬ್ದವಿಲ್ಲದೆ, ಗಾಜಿನ ತೊಟ್ಟಿಯ ಮೀನುಗಳ ಹಾಗೆ ಬಾಯಿ ಆಡಿಸುತ್ತಿದ್ದರು.

ಆದರೆ ಝೂಮ್ ಖಾತೆ ಸಂಘದ್ದು, ಅದರ ಬೀಗದ ಕೈ ಕಾರ್ಯದರ್ಶಿ ವಿನೋದಿನಿಯದ್ದು. ತಾಲೀಮಿನಿಂದಲೂ ಆಳುಗಳ ಪಕ್ಷ ವಹಿಸಿದ್ದ ಆಕೆ, "ಇಜಾಜ್ ಅವ್ರೇ, ಸ್ವಲ್ಪ ಹೊರಗಿರಿ," ಎಂದು ಆಳುಗಳ ಮ್ಯೂಟ್ ತೆಗೆದು ಇನ್ನೊಂದು ಗುಂಡಿ ಒತ್ತಿದರು. ಕ್ಯಾಪ್ಟನ್ ತನ್ನ ಹಡಗಿನಿಂದಲೇ ವೇಟಿಂಗ್ ರೂಮಿಗೆ ಬಿದ್ದ.

ಇಜಾಜ್ ಝೂಮ್ ಮುಚ್ಚಿ ಮೂರು ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಮಗಳು ನಿದಾ ಪಕ್ಕದ ಕೋಣೆಯಲ್ಲಿ ಟ್ಯಾಬ್‌ನಲ್ಲಿ ನಾಟಕ ನೋಡುತ್ತಿದ್ದುದು ನೆನಪಾಗಿ ಅಲ್ಲಿಗೋಡಿದ. "ಡ್ಯಾಡ್, ದೇ ಥ್ರೂ ಯೂ ಓವರ್‌ಬೋರ್ಡ್!" ಎಂದಳು ಅವಳು, ಅಪ್ಪನನ್ನು ಹಡಗಿನಿಂದ ಸಮುದ್ರಕ್ಕೆಸೆದದ್ದಕ್ಕೆ ಬಹಳ ಖುಷಿಯಿಂದ.

ಗಡಿಯಾರದಲ್ಲಿ ಮೂರೂವರೆ. ವಿನೋದಿನಿಯ ಪರದೆಯಲ್ಲಿ 'ಕ್ಯಾಪ್ಟನ್' ಬಾಗಿಲು ಬಡಿಯಿತು. ಇಜಾಜ್‌ಗೆ ಬುದ್ಧಿ ಬಂದಿರಬೇಕೆಂದು ಅವರು ಒಳಬಿಟ್ಟರು.

ಬಂದದ್ದು ಫರ್ಹತ್.

ಆಸ್ಪತ್ರೆಯ ಕಾರ್ ಪಾರ್ಕಿಂಗ್, ನವೆಂಬರಿನ ಗಾಳಿ, ಕಿವಿ ಮುಚ್ಚಿದ ದಪ್ಪ ಜಾಕೆಟ್ಟು. ಮಾಸ್ಕ್ ಒತ್ತಿ ಒತ್ತಿ ಮೂಗಿನ ಮೇಲೂ ಕೆನ್ನೆಗಳ ಮೇಲೂ ಕೆಂಪು ಗೆರೆಗಳು ಮೂಡಿದ್ದವು. ಫೋನ್ ಹಿಡಿದ ಬೆರಳುಗಳ ಚರ್ಮ ತೊಳೆದು ತೊಳೆದು ಒಡೆದಿತ್ತು.

ಸುಬ್ರಾಯ ಒಂದು ಕ್ಷಣ ತಬ್ಬಿಬ್ಬಾದ. ಆದರೂ ಪಾತ್ರ ಬಿಡಲಿಲ್ಲ. "ಕ್ಯಾಪ್ಟನ್, ಸಾಕಾಗಿದೆ. ನಮಗೆ ಮನೆಗೆ ಹೋಗ್ಬೇಕು."

ಗಾಳಿಯ ಸದ್ದಿನಲ್ಲಿ ಕೊನೆಯ ಮಾತಷ್ಟೇ ಕೇಳಿಸಿದ ಫರ್ಹತ್ ಅವನನ್ನೇ ನೋಡಿದಳು. ಆ ದಿನ ವಾರ್ಡಿನಲ್ಲಿ ಅವಳ ಕಿರಿಯ ಡಾಕ್ಟರುಗಳೂ ಅದನ್ನೇ ಹೇಳಿದ್ದರು.

"ನಂಗೂ ಹೋಗ್ಬೇಕು ಸುಬ್ರಾಯ ಅವ್ರೇ," ಎಂದಳು ಮೆಲ್ಲಗೆ. "ಆದ್ರೆ ಈಗ ತಿರುಗಿ ಹೋದ್ರೆ ಇಷ್ಟು ದೂರ ಬಂದಿದ್ದು ಯಾತಕ್ಕೆ? ಕೂತ್ಕೊಳ್ಳಿ. ನೀರು ಕುಡೀರಿ. ಹತ್ತು ನಿಮಿಷ ಬಿಟ್ಟು ಏಳಿ. ನಾನಿದ್ದೀನಿ. ಯಾರನ್ನೂ ಬಿಟ್ಟು ಹೋಗಲ್ಲ."

ಸುಬ್ರಾಯ ಕೂತ. ನೀರು ಕುಡಿದ. ಆಮೇಲೆ ತನಗೇ ಗೊತ್ತಿಲ್ಲದಂತೆ ಎದ್ದು ಈಟಿ ಎತ್ತಿಕೊಂಡ. ಕೃಷ್ಣಪ್ರಸಾದ ಕುಕ್ಕರಿಗೆ ಮುಚ್ಚಳ ಹಾಕಿದ. ಹಡಗು ತಿರುಗಲಿಲ್ಲ.

ನೂರ ಹನ್ನೆರಡು ಕಿಟಕಿಗಳಲ್ಲಿ ಚಪ್ಪಾಳೆ. 'ಎಂಥಾ ಅಭಿನಯ!' 'ಹಿಮಗಾಳಿಗೆ ಮುಖ ಒಡೆದ ಹಾಗೇ ಇದೆ, ಮೇಕಪ್ ಯಾರದ್ದು?' ಎಂದು ಪ್ರೇಕ್ಷಕರು ಚಾಟ್‌ನಲ್ಲಿ ಬರೆಯುತ್ತಲೇ ಇದ್ದರು. ಮೇಕಪ್ ಯಾರದ್ದೆಂದು ಇಜಾಜ್‌ಗೆ ಗೊತ್ತಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಸಂಜೆ ಏಳಕ್ಕೆ ಫರ್ಹತ್ ಬಂದು, ಸ್ನಾನ ಮುಗಿಸಿ ಅಡುಗೆಮನೆಗೆ ಕಾಲಿಟ್ಟಳು.

"ಸಾರಿ ಕಣ್ರೀ. ನಾಟಕ ನೋಡ್ಬೇಕಂತ ಬಂದೆ, ಏನೋ ಮೀಟಿಂಗ್ ನಡೀತಿತ್ತು. ಸುಬ್ರಾಯ ಅವ್ರು ಪಾಪ ಊರು ನೆನೆಸ್ಕೊಂಡು ಬೇಜಾರಾಗಿದ್ರು, ಸಮಾಧಾನ ಮಾಡಿದೆ. ಅಷ್ಟರಲ್ಲಿ ಬ್ರೇಕ್ ಮುಗೀತು. ನಿಮ್ಮ ಪಾತ್ರ ನೋಡೋಕೇ ಆಗ್ಲಿಲ್ಲ. ಹೆಂಗಾಯ್ತು?"

ಇಜಾಜ್ ಬಾಯಿ ತೆರೆಯುವಷ್ಟರಲ್ಲಿ ಫೋನ್ ಟಿಣ್ ಎಂದಿತು. ವಿನೋದಿನಿಯ ಮೆಸೇಜು: 'ಯುಗಾದಿಗೆ ಇದೇ ನಾಟಕ ಮತ್ತೆ ಮಾಡೋಣ. ಕ್ಯಾಪ್ಟನ್ ಫರ್ಹತ್ ಅಂತ ಎಲ್ಲರೂ ಒಪ್ಪಿದ್ದಾರೆ. ಕೃಷ್ಣಪ್ರಸಾದರಿಗೆ ಬಡ್ತಿ ಬೇಕಂತೆ. ನಿಮಗೆ ಅಡುಗೆಭಟ್ಟನ ಪಾತ್ರ. ಕುಕ್ಕರ್ ನೀವೇ ತರಬೇಕು.'

ಒಲೆಯ ಮೇಲೆ ಕುಕ್ಕರ್ ಕೂಗಿತು.

"ಮೂರಾಯ್ತು," ಎಂದಳು ಫರ್ಹತ್, ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತ. "ಆಫ್ ಮಾಡ್ರೀ."

ಇಜಾಜ್ ಆಫ್ ಮಾಡಿದ.