ತಂಬಿಗೆ ಆರಿಸಿದ ಮಂದಿ

ಚುನಾವಣೆ ಕೆಲಸದಿಂದ ತಪ್ಪಿಸಿಕೊಂಡ ಮಾಸ್ತರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಚೀಟಿ ಎತ್ತುವ ಕೆಲಸದಿಂದ ನನಗೆ ಮಾತ್ರ ಒಮ್ಮೆಯೂ ಬಿಡುಗಡೆ ಸಿಗಲಿಲ್ಲ. ಪರಊರಿನವನು, ಯಾರ ಮುಲಾಜಿಗೂ ಬೀಳುವುದಿಲ್ಲ ಎಂದು ಹೆಸರಿನ ಚೀಟಿ ಹಾಕಿದ ತಂಬಿಗೆ ತಂದು ನನ್ನ ಮುಂದೆಯೇ ಇಡುತ್ತಿದ್ದರು. ಹೆಸರು ಯಾರದೇ ಬರಲಿ, ಎದೆ ಧಸಕ್ಕೆನ್ನುತ್ತಿದ್ದುದು ನನ್ನದು.

ದೊಡ್ಡ ಮನಸ್ಸು

ಎಂಬತ್ತರ ದಶಕ, ಮಸ್ಕಿ ಕಡೆಯ ಒಂದು ಹಳ್ಳಿ. ಪಂಚಾಯ್ತಿ ಚುನಾವಣೆಯಲ್ಲಿ ಇಬ್ಬರಿಗೂ ಸರಿಸಮ ಓಟು. ಎಣಿಸಿ ಎಣಿಸಿ ಬೇಸತ್ತ ಅಧಿಕಾರಿ ಚೀಟಿ ಎತ್ತಲು ನನ್ನನ್ನು ಕರೆದರು. ಎತ್ತಿದೆ. ಸೋತ ಹಿರಿಯರು ಕಂಬಕ್ಕೊರಗಿ ಕೂತುಬಿಟ್ಟರು.

"ಇನ್ನೊಂದು ಓಟು ಬಿದ್ದಿದ್ದರೆ ಚೀಟಿಯೇ ಬೇಕಿರಲಿಲ್ಲ" ಎಂದು ಸಮಾಧಾನ ಹೇಳಲು ಹೋದೆ.

"ಬೀಳತಿತ್ರೀ ಮಾಸ್ತರ. ನನಗ ನಾನ ಹಾಕ್ಕೊಂಡ್ರ ಮಂದಿ ಆಸೆಬುರುಕ ಅಂತಾರಂತ ನನ್ನ ಓಟು ಅವಗ ಹಾಕಿ ಬಂದೀನಿ."

ನಾನು ಬಾಯಿ ತೆರೆದು ಗೆದ್ದವನ ಕಡೆ ನೋಡಿದೆ. ಅವನು ಗಾಬರಿಯಿಂದ ಕೈ ಮುಗಿದ. "ನಾ ಅಂಥಾ ತಪ್ಪು ಮಾಡಿಲ್ರೀ."

ಎಷ್ಟು ದಿನ?

ಲಿಂಗಸುಗೂರಿನಲ್ಲಿ ನಮ್ಮ ಶಾಲೆಯ ಸಮಿತಿಗೆ ಪ್ರತಿಸಲ ದೊಡ್ಡ ಮನೆಯವರೇ ಅಧ್ಯಕ್ಷರು. ಒಮ್ಮೆ ಹೆಡ್‌ಮಾಸ್ತರರು ಹಟ ಹಿಡಿದು ಎಲ್ಲ ಪಾಲಕರ ಹೆಸರನ್ನೂ ತಂಬಿಗೆಗೆ ಹಾಕಿಸಿದರು. ಚೀಟಿ ಬಂದದ್ದು ಖಾನಾವಳಿಯವನಿಗೆ. ಸುದ್ದಿ ಮುಟ್ಟಿಸಲು ಹೋದೆ. ಚೀಟಿಯಲ್ಲಿ ನಿನ್ನ ಹೆಸರು ಬಂದಿದೆ ಎನ್ನುತ್ತಲೇ ಅವನು ಸೌಟು ಕೆಳಗಿಟ್ಟ.

"ಸರ್, ನಾ ಯಾರಿಗೇನು ಮಾಡೀನ್ರೀ?"

"ಏನೂ ಮಾಡಿಲ್ಲಪ್ಪಾ, ಅಧ್ಯಕ್ಷ ಆಗೀದಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಎಷ್ಟು ದಿನಾ ರೀ?"

"ಒಂದು ವರ್ಷ ತಾಯಿ."

"ಜಾಮೀನು ಕೊಡಂಗಿಲ್ಲೇನ್ರೀ?"

ನೀರಿನ ಹಿರಿಯ

ತೊಂಬತ್ತರ ದಶಕದಲ್ಲಿ ತುರ್ವಿಹಾಳದ ಆಚೆಯ ಹಳ್ಳಿಗೆ ವರ್ಗವಾಯಿತು. ಅಲ್ಲಿ ಕಾಲುವೆಯ ಮೇಲಿನವರ ಗದ್ದೆ ತುಂಬಿ ತುಳುಕುತ್ತಿತ್ತು, ಕೊನೆಯವರ ಭತ್ತ ಒಣಗುತ್ತಿತ್ತು. ನೀರಿನ ಪಾಳಿ ಕಾಯುವ ಹಿರಿಯನನ್ನು ಕೈ ಎತ್ತಿಸಿ ಆರಿಸಲು ಹೋದರೆ ಎತ್ತಿದ ಕೈಗಳೆಲ್ಲ ಹೊಡೆದಾಟಕ್ಕಿಳಿದವು. ಕೊನೆಗೆ ಎಲ್ಲ ರೈತರ ಹೆಸರಿನಲ್ಲೂ ಚೀಟಿ ಎಂದಾಯಿತು. ಚೀಟಿ ಬರೆದವಳು ಊರಿನ ಅಂಗನವಾಡಿ ಟೀಚರು. ಅವಳ ಗದ್ದೆ ಕಾಲುವೆಯ ಕಟ್ಟಕಡೆಗಿತ್ತು.

ಎತ್ತಿ ಓದಿದೆ. ಬಂದದ್ದು ಸುತ್ತಲಿನ ಹಳ್ಳಿಗೆಲ್ಲ ಗೊತ್ತಿದ್ದ ನೀರುಗಳ್ಳನ ಹೆಸರು. "ಇನ್ನೊಮ್ಮೆ ಎತ್ರಿ ಮಾಸ್ತರ" ಎಂದರು ಕಾಲುವೆಯ ಮೇಲಿನ ಗದ್ದೆಯ ಸಾಹುಕಾರರು. ಟೀಚರು ಒಪ್ಪಲಿಲ್ಲ. "ಚೀಟಿ ಅಂದಮ್ಯಾಲೆ ಚೀಟೀನ ರೀ."

ಆ ವರ್ಷ ಹನಿ ನೀರು ಕಳುವಾಗಲಿಲ್ಲ. ಬದು ಎಲ್ಲಿ ಒಡೆಯುತ್ತಾರೆ, ತೂಬಿಗೆ ಗೋಣಿಚೀಲ ಎಲ್ಲಿ ತುರುಕುತ್ತಾರೆ, ಹೊಸ ಹಿರಿಯನಿಗೆ ಗೊತ್ತಿಲ್ಲದ ಜಾಗವಿರಲಿಲ್ಲ. ಒಂದು ದಿನ ಸಾಹುಕಾರರನ್ನೇ ಹಿಡಿದು ತಂದ. "ಆ ತೂಬು ಮೊದಲಿಂದ ನಂದೈತ್ರೀ ಸಾವ್ಕಾರ. ನನ್ನ ಜಾಗಕ್ಕ ಬಂದು ನೀವು ಕದ್ರ ಹ್ಯಾಂಗ?"

ಮತ್ತೆ ತಂಬಿಗೆ

ವರ್ಷ ಮುಗಿದು ಮತ್ತೆ ಚೀಟಿ. ಎಲ್ಲರಿಗಿಂತ ಮೊದಲು ಬಂದು ಕೂತವನು ಅವನೇ, ಮದುವೆ ಮನೆಗೆ ಬಂದವನ ಹಾಗೆ ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು.

"ಲಗೂ ಎತ್ರಿ ಮಾಸ್ತರ. ಪಾಳಿ ನೀರು ಬಿಟ್ಟು ಹನಿ ಕಂಡಿಲ್ಲ ನನ್ನ ಗದ್ದಿ. ಮನ್ಯಾಗ ಹೆಂಡತಿ ಮಾತು ಬಿಟ್ಟಾಳ."

ಎತ್ತಿದೆ. ಬಿಚ್ಚಿದೆ. ಅವನದೇ ಹೆಸರು.

ಅವನು ಜಿಗಿದೆದ್ದ. "ಮೋಸ ಐತಿ. ಉಳಿದ ಚೀಟೀನೂ ಬಿಚ್ರಿ."

ಜೀವಮಾನದಲ್ಲಿ ಅವನು ನ್ಯಾಯ ಕೇಳಿದ್ದು ಅದೇ ಮೊದಲು. ತಂಬಿಗೆ ಬೋರಲು ಹಾಕಿ ಒಂದೊಂದೇ ಬಿಚ್ಚಿದೆ. ಎಲ್ಲದರಲ್ಲೂ ಅವನೇ.

"ಏನಕ್ಕಾ ಇದು?" ಎಂದು ಅವನು ಈ ಸಲವೂ ಚೀಟಿ ಬರೆದಿದ್ದ ಟೀಚರ ಕಡೆ ತಿರುಗಿದ.

ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ. "ನಮ್ಮ ಗದ್ದಿಗೆ ನೀರು ಬಂದದ್ದು ನಿನ್ನ ವರ್ಷ ಒಂದ ನೋಡಪ್ಪಾ." ಕಾಲುವೆಯ ಕೊನೆಯವರೆಲ್ಲ ತಲೆಯಾಡಿಸಿದರು.

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಕುಸಿದು ಕೂತ.

"ನೀವ ಹೇಳ್ರಿ ಮಾಸ್ತರ, ಇಂಥಾ ಕಳ್ಳರ ಊರಾಗ ನಾ ಒಬ್ಬವ ಹ್ಯಾಂಗ ಕಾಯಲಿ?"