ಮಾತಾಡದ ಸೊಸಿ, ಕಣ್ಣಿಲ್ಲದ ಮಾವ

ಕಣ್ಣಿಲ್ಲದಾಂವ ನಾನು, ಖರೆ. ಆದರ ಎಡವೋರು ಯಾವಾಗಲೂ ಬ್ಯಾರೇದವರ. ಸಣ್ಣಾಂವಿದ್ದಾಗ ಸಿಡುಬು ಬಂದು ಕಣ್ಣು ಹೋದವು. ಅವತ್ತಿನಿಂದ ಇವತ್ತಿನತನಕ ಕಣ್ಣಿದ್ದವರ ಫಜೀತಿಗೆ ನಕ್ಕಕೋತನ ಬಂದೇನಿ. ಹಾನಗಲ್ಲ ಪ್ಯಾಟ್ಯಾಗ ನಂದು ವೀಳ್ಯದೆಲಿ ಅಂಗಡಿ. ಸವಣೂರ ಎಲಿ ಬಿಟ್ಟು ಬ್ಯಾರೆ ಮುಟ್ಟಿದಾಂವಲ್ಲ. ಹೇಂತಿ ತೀರಿಕೊಂಡಿದ್ಲು, ಮನ್ಯಾಗ ನಾನೂ ನನ್ನ ಮಗಾನೂ ಇಬ್ಬರ. ಈಗ ಹೇಳೂದು ಆ ಮಗನ ಮದುವಿ ಹೊತ್ತಿನ ಮಾತು. ಏಕೀಕರಣ ಆಗಿ ಒಂದೆರಡು ವರ್ಷ ಆಗಿತ್ತು.

೧. ಇಬ್ಬರು ಕಿವುಡರು

ಚಿಕ್ಕೇರೂರ ಮಾಸ್ತರೊಬ್ಬರು ವರ್ಗ ಆಗಿ ನಮ್ಮೂರ ಸಾಲಿಗೆ ಬಂದ್ರು. ಮೊದಲನೇ ದಿನ ಅಂಗಡಿಗೆ ಬಂದವರ ನನ್ನ ಕಿವಿಗೆ ಬಾಯಿ ಹಚ್ಚಿ, "ಎಲಿ ಕೊಡ್ರೀ!" ಅಂತ ಒದರಿದ್ರು. ಕಣ್ಣಿಲ್ಲದಾಂವಗ ಕಿವೀನೂ ಕೇಳಸಂಗಿಲ್ಲ ಅಂತ ಅವರ ಲೆಕ್ಕ. ನಾ ಏನ್ ತಿಳಕೊಂಡೆ ಅಂದ್ರ, ಪಾಪ, ಇಷ್ಟು ಒದರತಾರಂದ್ರ ಇವರ ಕಿವಿನ ಮಂದ ಇರಬೇಕು. ಅವರಿಗಿಂತ ಜೋರಾಗಿ, "ಎಳೀವು ಬೇಕೋ, ಬಲತಾವು ಬೇಕೋ?" ಅಂದೆ.

"ಎಳೀವು!"

"ಎಷ್ಟು?"

"ಒಂದು ಕಟ್ಟು!"

ಮಗ್ಗಲ ಪಾತ್ರಿ-ಬಾಂಡೆ ಅಂಗಡ್ಯಾಂವ ಓಡಿ ಬಂದು ನಡುವ ಹೊಕ್ಕ. "ಬಿಡ್ರೋ ಮಾರಾಯ್ರ, ಒಂದು ಕಟ್ಟು ಎಲಿ ಸಲುವಾಗಿ ಯಾಕ ಬಡದಾಡ್ತೀರಿ?"

ನಾನೂ ಮಾಸ್ತರೂ ಒಮ್ಮೆಲೇ ಅವನ ಮ್ಯಾಲೆ ಒದರಿದ್ವಿ, "ಏನ್ ಮಾಡೂದೋ, ಇವರಿಗೆ ಕಿವಿ ಕೇಳಸಂಗಿಲ್ಲ!"

೨. ಕೈ ಹಿಡಿದ ಪುಣ್ಯಾತ್ಮ

ಮುಂದ ಆ ಮಾಸ್ತರ ಗೆಳೆಯರಾಗಿ, ತಮ್ಮೂರ ಹುಡುಗಿ ಸಂಬಂಧ ತಂದ್ರು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದ್ಲು. ಹುಡುಗಿ ಅಪ್ಪ ಮಾತ್ರ ತಕರಾರು ತಗದ್ರು. "ಮಾವಗ ಕಣ್ಣಿಲ್ಲ. ಮನ್ಯಾಗ ಮತ್ತೊಬ್ಬ ಹೆಣಮಗಳಿಲ್ಲ. ನನ್ನ ಮಗಳು ಜನ್ಮಪೂರ್ತಿ ಅವರ ಕೈ ಹಿಡಕೊಂಡು ಅಡ್ಡಾಡಬೇಕಾಕ್ಕೈತಿ" ಅಂದ್ರಂತ.

ನನಗ ಸಿಟ್ಟು ನೆತ್ತಿಗೇರಿತು. ನನ್ನ ಸಲುವಾಗಿ ಮಗನ ಮದುವಿ ಮುರೀಬೇಕ? ನನಗ ಯಾರ ಕೈನೂ ಬ್ಯಾಡ ಅಂತ ತೋರಸಾಕ ಕೋಲು ಹಿಡಕೊಂಡು ನಾ ಒಬ್ಬನೇ ಚಿಕ್ಕೇರೂರ ಬಸ್ ಹತ್ತಿದೆ.

ಕಂಡಕ್ಟರ್ ನನ್ನ ಬಿಟ್ಟು ಮಗ್ಗಲದಾಗ ಕುಂತಾಂವನ್ನ ಕೇಳಿದ: "ಇವರನ್ನ ಎಲ್ಲಿ ಇಳಸಬೇಕ್ರಿ?"

"ತಮ್ಮಾ, ಬಾಯಿ ನನಗೂ ಐತಿ, ನನ್ನ ಕೇಳು. ಚಿಕ್ಕೇರೂರು" ಅಂದೆ.

ಅಂವ ಮತ್ತ ಆ ಕಡೇನ ತಿರಗಿ, "ಚಿಕ್ಕೇರೂರಂತ್ರಿ. ಜ್ವಾಕಿಲೆ ಇಳಸ್ರಿ" ಅಂದ.

ಮಗ್ಗಲದಾಗಿನ ಆ ಪುಣ್ಯಾತ್ಮ ನನ್ನ ಮುಂಗೈ ಗಪ್ಪನ ಹಿಡದಾಂವ ಬಿಡಲೇ ಇಲ್ಲ. ಬ್ಯಾಡ್ರಿ ಅಂದ್ರೂ ಕೇಳಲಿಲ್ಲ. ಚಿಕ್ಕೇರೂರಾಗ ನನ್ನ ಜೋಡೀನ ಇಳದ. ಬಸ್ ಹೋದ ಮ್ಯಾಲೆ, "ನಿಮ್ಮೂರೂ ಇದ ಏನ್ರಿ?" ಅಂತ ಕೇಳಿದೆ.

"ಅಲ್ರೀ, ನಮ್ಮೂರು ಆಗಳೇ ಹಿಂದ ಹೋತು. ನಿಮ್ಮನ್ನ ಇಳಸೂ ಗದ್ದಲದಾಗ ಮರತೆ."

ಬಿಸಲಾಗ ಬಿಟ್ಟು ಹೋಗೂದು ಹೆಂಗ? ಊಟಕ್ಕ ಬರ್ರಿ ಅಂತ ಹುಡುಗಿ ಮನೀಗೆ ಕರಕೊಂಡು ಹೊಂಟೆ. ದಾರಿ ಕೇಳಕೋತ ಮುಂದ ನಾನು, ಹಿಂದ ಅಂವ. ಕೈ ಮಾತ್ರ ಇನ್ನೂ ಬಿಟ್ಟಿಲ್ಲ. ಹುಡುಗಿ ಅಪ್ಪ ಬಾಗಲದಾಗ ನಿಂತವರು, "ನಾ ಹೇಳಲಿಲ್ಲ? ಕರಕೊಂಡು ಬರಾಕ ಒಬ್ಬರು ಬೇಕ ಬೇಕು" ಅಂದ್ರು. ನನ್ನ ಮಾರಿ ಸಣ್ಣದಾತು.

ಆಗ ಆ ಪುಣ್ಯಾತ್ಮ ಬಾಯಿ ಬಿಟ್ಟ. "ನಾ ಎಲ್ಲಿ ಕರಕೊಂಡು ಬಂದೇನ್ರಿ? ಊರು ತಪ್ಪಿಸ್ಕೊಂಡಾಂವ ನಾನು. ಊಟಾ ಹಾಕಸ್ತೇನಿ ಅಂತ ಇವರ ನನ್ನ ಕರಕೊಂಡು ಬಂದಾರ!"

ಒಳಗ ಅಡಗಿಮನ್ಯಾಗ ಹುಡುಗಿ ಕಿಸಕ್ಕನ ನಕ್ಕಳು. ಅಪ್ಪ ಒಪ್ಪಿದ್ರು, ಆದರ ಒಂದು ಕರಾರು. "ನಿಮ್ಮಿಂದ ನನ್ನ ಮಗಳಿಗೆ ತ್ರಾಸ ಆತಂದ್ರ ಮರುದಿನ ಬಸ್ ಹತ್ತಿ ಬಂದು ಕರಕೊಂಡು ಹೊಕ್ಕೇನಿ" ಅಂದ್ರು.

"ಬರ್ರಿ ಬೀಗರ, ಊರು ಮಾತ್ರ ತಪ್ಪಿಸ್ಕೋಬ್ಯಾಡ್ರಿ" ಅಂದೆ.

೩. ಕಳ್ಳಾ! ಕಳ್ಳಾ!

ಮದುವಿ ಆತು. ಸೊಸಿ ಮನೀಗೆ ಬಂದ್ಲು ಅಂತ ಮಂದಿ ಹೇಳಿದ್ರು; ನನಗಂತೂ ಗೊತ್ತಾಗಲಿಲ್ಲ. ಮಾವನ ಮುಂದ ಬಾಯಿ ತಗೀಬಾರದು, ತಲಿಮ್ಯಾಲೆ ಸೆರಗು ಎಳಕೊಂಡು ಸರದು ನಿಂದರಬೇಕು ಅಂತ ಅವರವ್ವ ಕಲಿಸಿ ಕಳಿಸಿದ್ಲು. ಸಪ್ಪಳ ಆಗಬಾರದಂತ ಬಳೀನೂ ಮ್ಯಾಲೆ ಸರಿಸಿಕೊಂಡು ನಿಂದರತಿದ್ಲಂತ, ಆಮ್ಯಾಲೆ ತಿಳೀತು. ಚಹಾ ತಂದಿಟ್ಟು ಸುಮ್ಮನ ನಿಂದರಾಕಿ. ನನಗ ವಾಸನಿ ಬರತೈತಿ, ಚಹಾ ಎಲ್ಲೈತಿ ತಿಳೀವಲ್ದು. ಹುಡುಕಾಕ ಹೋಗಿ ಕೈ ಬಡದು ಚೆಲ್ಲತಿದ್ದೆ. ಆಕಿ ಮರ್ಯಾದಿ ಹೆಚ್ಚಾದಂಗೆಲ್ಲಾ ನನ್ನ ಧೋತರಕ್ಕ ಕಲೆ ಹೆಚ್ಚಾದ್ವು.

ಪಂಚಮಿಗೆ ಮಗಳನ್ನ ಕರಿಯಾಕ ಬೀಗರು ಬರೋರಿದ್ರು. ಮಗ ಎಲಿ ತರಾಕ ಸವಣೂರಿಗೆ ಹೋಗಿದ್ದ. ಮಧ್ಯಾಹ್ನ ಪಡಸಾಲ್ಯಾಗ ಒಬ್ಬನ ಕುಂತೇನಿ, ಬಾಗಲ ಹತ್ತರ ಯಾರೋ ಉಸರು ಬಿಟ್ಟಂಗಾತು.

"ಯಾರದು?" ಮಾತಿಲ್ಲ.

"ಯಾರಲೇ ಅದು?" ಉಸರೂ ನಿಂತಿತು.

ಮುಗೀತು, ಕಳ್ಳನ ಬಂದಾನ! ಕೋಲು ಎತ್ತಿ, "ಕಳ್ಳಾ! ಕಳ್ಳಾ! ಬರ್ರೋ!" ಅಂತ ಕೂಗಿದೆ. ಓಣಿ ಮಂದಿ ಕುಡಗೋಲು, ಒನಕಿ ಸಿಕ್ಕಿದ್ದು ಹಿಡಕೊಂಡು ಓಡಿ ಬಂದ್ರು. ಅವರ ಬೆನ್ನಿಗೆ, ಆಗಷ್ಟ ಬಸ್ ಇಳದ ಬೀಗರೂ ಬಂದ್ರು.

"ಕಳ್ಳ ಎಲ್ಲದಾನೋ ಕಾಕಾ? ನಿನ್ನ ಸೊಸಿ ಸೆರಗು ಹೊದ್ದು ನಿಂತಾಳ!" ಅಂದ ಒಬ್ಬ.

ಎತ್ತಿದ ಕೋಲು ಎತ್ತಿದಂಗ ಉಳೀತು. ಬೀಗರು ಮುಂದ ಬಂದು ಒದರಿದ್ರು: "ನನ್ನ ಮಗಳ ಮ್ಯಾಲೆ ಕೋಲು ಎತ್ತಿದ್ರಿ? ಮಗಳ, ಗಂಟು ಕಟ್ಟು. ಹಬ್ಬ ಮುಗದ್ರೂ ಹೊಳ್ಳಿ ಕಳಸಾಂಗಿಲ್ಲ."

ಮಗನ ಸಂಸಾರ ನನ್ನ ಕೈಯಾರೆ ಮುರದೆನಲ್ಲಾ ಅಂತ ಕೋಲು ಕೆಳಗಿಟ್ಟೆ. ಆಗ ಕೇಳಸ್ತು ನೋಡ್ರಿ, ಒಮ್ಮೆ ನಕ್ಕದ್ದು ಬಿಟ್ರ ನಾ ಎಂದೂ ಕೇಳಿರದ ದನಿ:

"ಅಪ್ಪಾ, ನಾ ಬರಾಂಗಿಲ್ಲ! ಮಾವಾರ ಯಾರು, ಯಾರು ಅಂತ ಕೇಳಿದ್ರು, ನಾನ ಬಾಯಿ ಬಿಡಲಿಲ್ಲ. ಕಣ್ಣಿಲ್ಲದವರ ಮುಂದ ಮೂಕಾಗಿ ನಿಂತ್ರ ಅದು ಮರ್ಯಾದಿ ಹೆಂಗಾಕ್ಕೈತಿ? ಕಳ್ಳರಂಗ ನಿಂತೆ, ಕಳ್ಳಿ ಅನಿಸ್ಕೊಂಡೆ. ಇವತ್ತಿನಿಂದ ನಾ ಮಾತಾಡಾಕಿ. ಅವ್ವಗ ಹೋಗಿ ಹೇಳು!"

ಮಂದಿ ಒನಕಿ ಕೆಳಗಿಟ್ರು. ನನ್ನ ಎದಿ ಉಬ್ಬಿತು. ಸುಳ್ಳ ಯಾಕ ಹೇಳ್ಲಿ, ಕಣ್ಣಾಗ ನೀರೂ ಬಂತು. ಇಂಥಾ ಸೊಸಿ ಇಡೀ ತಾಲೂಕಿನ್ಯಾಗ ಯಾರಿಗೈತಿ ಹೇಳ್ರಿ?

ಅವತ್ತು ತಗದ ಬಾಯಿ ಮತ್ತ ಮುಚ್ಚಲಿಲ್ಲ. "ಮಾವಾರ, ನಾ ಬಂದೆ. ಚಹಾ ಬಲಗೈ ಕಡೆ ಐತಿ. ಹೊಸ್ತಿಲದಾಗ ಕೊಡ ಐತಿ, ನೋಡಿ ದಾಟ್ರಿ." ಓಣಿಗೂ ಕಲಿಸಿದ್ಲು. ನನ್ನ ದಾರಿಗೆ ಯಾರೂ ಎತ್ತು ಕಟ್ಟಬಾರದು, ಬಂದವರು ಹೆಸರು ಹೇಳೇ ಒಳಗ ಬರಬೇಕು.

ಬೀಗರು ಮುಂದಿನ ಸಲ ಬಂದಾಗ ಓಣಿ ಬಾಯಿಂದನ ಒದರಕೋತ ಬಂದ್ರು: "ಬೀಗರ, ನಾನ್ರೀ! ಚಿಕ್ಕೇರೂರಾಂವ! ಬಾಗಲಕ್ಕ ಬಂದೇನಿ! ಕೈಯಾಗ ಬದನೀಕಾಯಿ ಅದಾವು! ಕಳ್ಳ ಅಲ್ರೀ!"

ಅದ ರೂಢಿ ಬಿದ್ದು ಹೋತು. ತಮ್ಮೂರಾಗ ಯಾರ ಮನೀಗೆ ಹೋದ್ರೂ ಬಾಗಲದಾಗ ನಿಂತು, "ನಾನ್ರೀ, ಕಳ್ಳ ಅಲ್ರೀ" ಅಂತಾರಂತ. ಮೊದಲು ಅವರ ಮ್ಯಾಲೆ ಯಾರಿಗೂ ಸಂಶೇ ಇದ್ದಿಲ್ಲ. ಈಗ ಅವರ ದನಿ ಕೇಳಿದ್ರ ಸಾಕು, ಚಿಕ್ಕೇರೂರ ಮಂದಿ ಮೊದಲು ತಿಜೋರಿ ಕೀಲಿ ನೋಡಕೋತಾರಂತ.