ಕೆ, ಸಿ, ಯು ಮತ್ತು ನನ್ನ ಹೆಂಡತಿಯ ಗುಣಗಾನ

ಇಂಗ್ಲಿಷಿನ ವಿಷಯದಲ್ಲಿ ನನಗೆ ಯಾರ ಭಯವೂ ಇರಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಿವೃತ್ತಿಯವರೆಗೂ ಕಡತಗಳ ಮೇಲೆ ಇಂಗ್ಲಿಷ್ ಬರೆದವನು ನಾನು. ‘ಪ್ಲೀಸ್ ಸ್ಪೀಕ್’, ‘ಆಸ್ ಡಿಸ್ಕಸ್ಡ್’, ‘ಸೀನ್, ಥ್ಯಾಂಕ್ಸ್’ ಇಷ್ಟರಲ್ಲೇ ದೇಶದ ಆಡಳಿತವನ್ನು ನಿಭಾಯಿಸಿದ್ದೇನೆ. ಆದ್ದರಿಂದ ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ವಸತಿ ಸೊಸೈಟಿಯ ಪಾರ್ಕಿನಲ್ಲಿ ಪದಗಳ ಆಟ ಶುರುವಾದಾಗ, ಗೆಲ್ಲುವವನು ನಾನೇ ಎಂಬುದರಲ್ಲಿ ಸಂಶಯವೇ ಇರಲಿಲ್ಲ.

ಚಳಿಗಾಲದ ಭಾನುವಾರಗಳಲ್ಲಿ ನಾವೆಲ್ಲ ಬಿಸಿಲಿಗೆ ಮೈ ಕಾಯಿಸಲು ಪಾರ್ಕಿಗೆ ಇಳಿಯುತ್ತೇವೆ. ಸೊಸೈಟಿಯ ಕಾರ್ಯದರ್ಶಿ ವರ್ಮಾಜಿ ಮೂರು ಇಂಗ್ಲಿಷ್ ಅಕ್ಷರ ಕೂಗುತ್ತಾರೆ. ಆ ಮೂರೂ ಇರುವ ಒಂದು ಪದ ಹೇಳಿ, ಅದನ್ನು ವಾಕ್ಯದಲ್ಲಿ ಬಳಸಬೇಕು. ಯಾರ ಪದ ಉದ್ದವೋ ಅವರಿಗೆ ಚಪ್ಪಾಳೆ ಮತ್ತು ಒಂದು ಪೊಟ್ಟಣ ಗಜಕ್. ಎಳ್ಳು ಬೆಲ್ಲದ ಆ ತಿನಿಸು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಗೆದ್ದು ತಿನ್ನುವ ಗಜಕ್ಕಿನ ರುಚಿಯೇ ಬೇರೆಯಂತೆ. ‘ಅಂತೆ’ ಯಾಕೆಂದರೆ, ನಾನು ತಿಂದಿರಲಿಲ್ಲ. ಪ್ರತಿ ವಾರವೂ ಗೆಲ್ಲುತ್ತಿದ್ದವರು ನಮ್ಮ ಎದುರು ಫ್ಲ್ಯಾಟಿನ ಜೋಶಿ!

ಜೋಶಿ ಧಾರವಾಡದವರು, ಬಹಳ ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವರಾಗಿದ್ದರೆ ನೆಮ್ಮದಿಯಾಗಿ ಹೊಟ್ಟೆ ಉರಿದುಕೊಳ್ಳಬಹುದಿತ್ತು. ಇವರು ಗೆದ್ದ ಗಜಕ್ಕನ್ನು ಮೊದಲು ನನ್ನ ಹೆಂಡತಿ ಸರೋಜಳಿಗೇ ಕೊಡುತ್ತಿದ್ದರು. ಅವಳು ಅದನ್ನು ಕಟಕಟ ಕಡಿಯುತ್ತಾ, “ಎಷ್ಟು ಓದ್ಕೊಂಡಿದಾರೆ ಅಲ್ವಾ ರೀ?” ಎನ್ನುತ್ತಿದ್ದಳು. ಒಂದೊಂದು ಕಡಿತವೂ ನನ್ನ ಎದೆಯಲ್ಲಿ ಕೇಳಿಸುತ್ತಿತ್ತು.

ಆ ಭಾನುವಾರ ವರ್ಮಾಜಿ ಕೂಗಿದರು: “ಕೆ, ಸಿ, ಯು! ಚಲೋ, ಶುರು!”

ನನಗೆ ಹೊಳೆದದ್ದು ‘ಡಕ್’. ಕ್ರಿಕೆಟ್ಟಿನಲ್ಲಾಗಲಿ ಇಲ್ಲಾಗಲಿ ಅದು ಗೌರವದ ಪದವಲ್ಲ. ಅಷ್ಟರಲ್ಲಿ ಜೋಶಿ ಎದ್ದು, “ಅನ್‌ಅಕ್ನಾಲೆಡ್ಜ್ಡ್” ಎಂದರು. ವಾಕ್ಯವನ್ನೂ ಹೇಳಿದರು. ಅದರ ಸಾರಾಂಶ ಇಷ್ಟು: ‘ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಡುವ ಶ್ರಮವನ್ನು ಯಾರೂ ಗುರುತಿಸುವುದಿಲ್ಲ.’

ಪಾರ್ಕಿನ ಹೆಂಗಸರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಸರೋಜ ನನ್ನ ಕಡೆ ತಿರುಗಿ ಒಂದು ನೋಟ ನೋಡಿದಳು. ಮದುವೆಯಾದವರಿಗೆ ಆ ನೋಟವನ್ನು ವಿವರಿಸಬೇಕಾಗಿಲ್ಲ.

ಹೊಟ್ಟೆಕಿಚ್ಚಿನಲ್ಲಿ ಬುದ್ಧಿ ಬಹಳ ಬೇಗ ಓಡುತ್ತದೆ, ಯಾವ ದಿಕ್ಕಿಗೆ ಎಂಬುದು ಬೇರೆ ಮಾತು. ಶಾಲಿನೊಳಗೆ ಮೊಬೈಲ್ ತೆಗೆದೆ. ಅಕ್ಷರಗಳನ್ನು ಹಾಕಿದರೆ ಪದ ಹುಡುಕಿಕೊಡುವ ವೆಬ್‌ಸೈಟೊಂದಿದೆ. ಅದರಲ್ಲಿ ಕೆ, ಸಿ, ಯು ಒತ್ತಿದೆ. ಹದಿನಾರು ಅಕ್ಷರದ ಒಂದು ದೈತ್ಯ ಪದ ಎದ್ದು ನಿಂತಿತು: ಕ್ಯಾಂಟ್ಯಾಂಕರಸ್‌ನೆಸ್!

ಅರ್ಥ ನೋಡಲು ಸಮಯವಿರಲಿಲ್ಲ, ಅಗತ್ಯವೂ ಕಾಣಲಿಲ್ಲ. ಗುಡ್‌ನೆಸ್, ಕೈಂಡ್‌ನೆಸ್, ಸ್ವೀಟ್‌ನೆಸ್... ‘ನೆಸ್’ ಎಂದು ಮುಗಿಯುವ ಪದ ಒಳ್ಳೆಯ ಮನೆತನದ್ದೇ ಇರಬೇಕು. ಎದ್ದು ನಿಂತು ಶಾಲು ಸರಿಮಾಡಿಕೊಂಡು, ಸರೋಜಳ ಕಡೆ ಕೈ ಚಾಚಿ ಘೋಷಿಸಿದೆ:

“ಐ ಮ್ಯಾರೀಡ್ ಮೈ ವೈಫ್ ಓನ್ಲಿ ಫಾರ್ ಹರ್ ಕ್ಯಾಂಟ್ಯಾಂಕರಸ್‌ನೆಸ್!”

ಎಂಥ ನಗು! ಎಂಥ ಚಪ್ಪಾಳೆ! ಹಿಂದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಪೂರ್ ಮೇಡಂ ಕಣ್ಣೊರೆಸಿಕೊಳ್ಳುತ್ತಾ, “ವೆರಿ ಬ್ರೇವ್!” ಎಂದರು. ಪ್ರೀತಿಯನ್ನು ಬಹಿರಂಗವಾಗಿ ಹೇಳುವುದಕ್ಕೆ ಧೈರ್ಯ ಬೇಕು ಎಂದುಕೊಂಡು ನಾನು ವಿನಯದಿಂದ ತಲೆಬಾಗಿದೆ. ಜೋಶಿ ಮಾತ್ರ ಗಾಬರಿಯಿಂದ ನೋಡುತ್ತಿದ್ದರು. ಪಾಪ, ಸೋತಿದ್ದಾರೆ ಎಂದುಕೊಂಡೆ.

ಗಜಕ್ ಕೈಗೆ ಬಂತು. ಸರೋಜಳ ಮುಖ ಕೆಂಪಾಗಿತ್ತು. ಲಿಫ್ಟಿನಲ್ಲಿ, “ನೀವೂ ಎಷ್ಟು ಚೆನ್ನಾಗಿ ಮಾತಾಡ್ತೀರಿ! ಏನು ಅದರ ಅರ್ಥ?” ಎಂದು ಕೇಳಿದಳು.

“ಅದು... ಒಂಥರಾ ಸೌಜನ್ಯ,” ಎಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನೆಗೆ ಬಂದವಳೇ ತವರಿನ ವಾಟ್ಸ್ಯಾಪ್ ಗುಂಪಿಗೆ ಇಡೀ ವಾಕ್ಯ ಕಳಿಸಬೇಕು ಎಂದಳು. ಸ್ಪೆಲಿಂಗ್ ಹೇಳಿಕೊಟ್ಟವನು ಸ್ವತಃ ನಾನೇ!

ಕಾಫಿ ಮುಗಿಯುವ ಮೊದಲೇ ಅವಳ ತಮ್ಮನ ಫೋನ್ ಬಂತು. ಅವನು ಶಿವಮೊಗ್ಗದಲ್ಲಿ ಇಂಗ್ಲಿಷ್ ಉಪನ್ಯಾಸಕ. ಸ್ಪೀಕರಿನಲ್ಲಿ ಅವನ ದನಿ ಮೊಳಗಿತು:

“ಅಕ್ಕಾ, ಭಾವ ಎಲ್ಲರೆದುರಿಗೆ ಹಾಗಂದ್ರಾ? ಅದಕ್ಕೆ ಸಿಡುಕುತನ, ಜಗಳಗಂಟಿತನ ಅಂತ ಅರ್ಥ!”

ಸರೋಜ ಲೋಟ ಕೆಳಗಿಟ್ಟಳು. “ನಾನು ಜಗಳಗಂಟೀನಾ? ಯಾವತ್ತು ಜಗಳ ಆಡಿದೀನಿ? ಹೇಳ್ರೀ, ಯಾವತ್ತು?”

ಆ ದನಿ ಕೇಳಿ ಕೆಳಗಿನ ಗೇಟಿನ ಕಾವಲುಗಾರ ತಲೆಯೆತ್ತಿ ನೋಡಿದ. ನಾನು ಸಮಾಧಾನಿಸಲು, “ಅದಕ್ಕಾಗೇ ಮದುವೆಯಾದೆ ಅಂದಿದೀನಲ್ಲ, ಅಂದರೆ ಇಷ್ಟ ಅಂತ ತಾನೆ?” ಎಂದೆ. ಇದು ಆ ದಿನದ ಅತ್ಯಂತ ದೊಡ್ಡ ತಪ್ಪು.

ಆಗ ಬಾಗಿಲು ತಟ್ಟಿದವರು ಜೋಶಿ. “ವೈನಿ, ರಾಯರ ಮನಸ್ಸಿನ್ಯಾಗ ಕೆಟ್ಟದ್ದಿರ್ಲಿಲ್ಲ ಬಿಡ್ರಿ. ಅವರಿಗೆ ಆ ಶಬ್ದದ ಅರ್ಥನ ಗೊತ್ತಿಲ್ಲ,” ಎಂದರು. ನನ್ನನ್ನು ಉಳಿಸಿದರೋ ಮುಗಿಸಿದರೋ ಇಂದಿಗೂ ತಿಳಿಯದು. ಜೊತೆಗೆ ತಂದಿದ್ದ ದಪ್ಪ ಡಿಕ್ಷನರಿಯನ್ನು ಅವಳ ಕೈಗಿಟ್ಟರು. “ಇನ್ ಮ್ಯಾಲೆ ಯಾರ್ ಏನಂದ್ರೂ ನೀವು ಇದ್ರಾಗ ನೋಡ್ರಿ.”

“ನೋಡಿ, ಎಂಥ ಸಂಸ್ಕಾರವಂತರು!” ಎಂದಳು ಸರೋಜ. ಹೊಟ್ಟೆಯೊಳಗೆ ಇನ್ನೊಂದು ಒಲೆ ಹತ್ತಿಕೊಂಡಿತು.

ವಾರವಿಡೀ ಅವಳು ನನ್ನೊಡನೆ ಮಾತಾಡಲಿಲ್ಲ, ಡಿಕ್ಷನರಿ ಓದಿದಳು. ಮುಂದಿನ ಭಾನುವಾರ ವರ್ಮಾಜಿ ‘ಬಿ, ಎಂ, ವೈ’ ಕೂಗಿದಾಗ ಜೋಶಿ ‘ಇನ್‌ಕಂಪ್ಯಾಟಿಬಿಲಿಟಿ’ ಎಂದರು. ಎಲ್ಲರೂ ಚಪ್ಪಾಳೆಗೆ ಕೈಯೆತ್ತುವಷ್ಟರಲ್ಲಿ ಸರೋಜ ಎದ್ದಳು.

“ಇನ್‌ಕಾಂಪ್ರಿಹೆನ್ಸಿಬಿಲಿಟಿ!”

ವಾಕ್ಯ ಹೀಗಿತ್ತು: ‘ಮದುವೆಯಾದಾಗಿನಿಂದ ನಾನು ನನ್ನ ಗಂಡನ ಇನ್‌ಕಾಂಪ್ರಿಹೆನ್ಸಿಬಿಲಿಟಿಯನ್ನು ಸಹಿಸಿಕೊಂಡು ಬಂದಿದ್ದೇನೆ.’ ಅಂದರೆ ಯಾರಿಗೂ ಏನೂ ಅರ್ಥವಾಗದಿರುವ ಗುಣ. ಈ ಸಲ ನಾನೂ ಅರ್ಥ ನೋಡಿಕೊಂಡೆ.

ಪಾರ್ಕಿಗೆ ಪಾರ್ಕೇ ಕುಣಿಯಿತು. ಜೋಶಿ ಸಪ್ಪೆ ಮುಖ ಮಾಡಿಕೊಂಡು ನನ್ನ ಪಕ್ಕ ಕುಳಿತು ಕಡಲೆಕಾಯಿ ಸುಲಿಯತೊಡಗಿದರು. ಅವರ ಕಣ್ಣಲ್ಲಿ ನನಗೆ ಬಹಳ ಪರಿಚಿತವಾದ ಒಂದು ಕಿಚ್ಚು ಕಂಡಿತು. ಮೊದಲ ಬಾರಿಗೆ ಅವರು ನನಗೆ ಇಷ್ಟವಾದರು. ಆದರೆ ನನ್ನ ಕಷ್ಟ ಹೆಚ್ಚಿತ್ತು. ಅವರ ಪ್ರತಿಸ್ಪರ್ಧಿ ಎದುರು ಫ್ಲ್ಯಾಟಿನಲ್ಲಿ, ನನ್ನವಳು ನನ್ನದೇ ಮನೆಯಲ್ಲಿ!

ನನ್ನ ಮುಖ ನೋಡಿ ವರ್ಮಾಜಿಗೆ ಕರುಣೆ ಬಂತು. “ಅಚ್ಛಾ, ಈ ಸುತ್ತು ರಾಯರಿಗೆ ಮಾತ್ರ. ಯಾರೂ ಮಧ್ಯೆ ಬಾಯಿ ಹಾಕಬೇಡಿ. ಎ, ಬಿ, ಸಿ!”

ಎಲ್ಲರೂ ಉಸಿರು ಬಿಗಿಹಿಡಿದರು. ಸರೋಜಳೂ ಮುಂದಕ್ಕೆ ಬಾಗಿದಳು. ನಾನು ಕಣ್ಣು ಮುಚ್ಚಿ, ನಿವೃತ್ತಿಯವರೆಗಿನ ಸಮಸ್ತ ಇಂಗ್ಲಿಷನ್ನು ಒಟ್ಟುಗೂಡಿಸಿ, ಎದ್ದು ನಿಂತು ಹೇಳಿದೆ:

“ಕ್ಯಾಬ್.”